ಹೇಳದೆ ಹೊರಡುವ ಬಸ್ಸು

ಏಪ್ರಿಲ್ ಎರಡನೇ ವಾರ. ಮಧ್ಯಾಹ್ನದ ಬಿಸಿಲಿಗೆ ಫ್ಯಾನ್ ಕೂಡ ಬಿಸಿಗಾಳಿಯನ್ನೇ ಬೀಸುತ್ತಿತ್ತು. ಖಾಕಿ ಪ್ಯಾಂಟಿನ ಮೇಲೆ ಚೌಕಳಿ ಅಂಗಿ ಹಾಕಿಕೊಂಡಿದ್ದ ಒಬ್ಬರು ನನ್ನ ಕೌನ್ಸೆಲಿಂಗ್ ಕೋಣೆಯ ಬಾಗಿಲಲ್ಲೇ ನಿಂತು, "ಮಗಳ ವಿಷಯಕ್ಕೆ ಬಂದಿದ್ದೆ ಮೇಡಂ. ಅವಳನ್ನ ಕರ್ಕೊಂಡು ಬಂದಿಲ್ಲ. ಪರವಾಗಿಲ್ವಾ?" ಅಂತ ಕೇಳಿದರು.

ಪರವಾಗಿಲ್ಲ ಅಂದೆ. ನಿಜ ಹೇಳಬೇಕೆಂದರೆ, ನಾಲ್ಕು ವರ್ಷದ ಮಗುವಿನ ವಿಷಯಕ್ಕೆ ಮೊದಲ ಸಲ ದೊಡ್ಡವರೇ ಬಂದರೆ ನನಗೆ ಸಲೀಸು. ಮಗುವನ್ನು ಎದುರಿಗೆ ಕೂರಿಸಿಕೊಂಡು ಅದರ ದೂರು ಹೇಳುವ ಕಷ್ಟ ತಪ್ಪುತ್ತದೆ.

ಇವರನ್ನು ಮಂಜಣ್ಣ ಅನ್ನೋಣ, ಮಗಳನ್ನು ಪುಟ್ಟಿ. ಹೆಸರು, ಊರು, ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಮಂಜಣ್ಣನಿಗೆ 37 ವರ್ಷ, ಸರ್ಕಾರಿ ಬಸ್ ಡ್ರೈವರ್. ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಜೊತೆಗೆ ಮಂಜಣ್ಣನ ತಾಯಿ. ಪುಟ್ಟಿಗೆ ಮೇ ತಿಂಗಳಲ್ಲಿ ನಾಲ್ಕು ತುಂಬುತ್ತದೆ, ಜೂನ್‌ಗೆ ಎಲ್‌ಕೆಜಿ. ಅಡ್ಮಿಶನ್ ಆಗಿತ್ತು, ಫೀಸಿನ ಮೊದಲ ಕಂತು ಕಟ್ಟಿದ್ದರು, ಯೂನಿಫಾರಂ ಮನೆಗೆ ಬಂದಿತ್ತು.

"ಯೂನಿಫಾರಂ ಹಾಕಿ ನೋಡೋಣ ಅಂತ ಹಾಕಿದ್ವಿ ಮೇಡಂ. ಕನ್ನಡಿ ಮುಂದೆ ನಿಂತು ಕುಣಿದಳು. ಶೂ ಹಾಕಿದ್ವಿ, ಆಗ್ಲೂ ನಗ್ತಾನೇ ಇದ್ಲು. ಬೆನ್ನಿಗೆ ಬ್ಯಾಗ್ ಹಾಕಿದ್ದೇ ತಡ, ಕಿರುಚಿ ಕಿತ್ತು ಬಿಸಾಡಿದಳು. ಆವತ್ತಿಂದ ರಾತ್ರಿ ಹಾಸಿಗೆ ಒದ್ದೆ. ನಾನು ಬಚ್ಚಲಿಗೆ ಹೋದ್ರೂ ಬಾಗಿಲು ಬಡೀತಾಳೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಮುಂದುವರಿಸಿದರು. "ನಂಗೇ ನೋಡಕ್ಕಾಗ್ತಿಲ್ಲ. ಅಷ್ಟು ಪುಟ್ಟ ಬೆನ್ನು, ಅಷ್ಟು ದೊಡ್ಡ ಬ್ಯಾಗು. ಒಂದು ವರ್ಷ ಬಿಟ್ಟು ಸೇರಿಸಿದ್ರೆ ಹೇಗೆ ಮೇಡಂ?"

ಈ ಪ್ರಶ್ನೆಯನ್ನು ಪಕ್ಕಕ್ಕಿಟ್ಟೆ. ಮೊದಲು ಮಕ್ಕಳ ಡಾಕ್ಟರ ಹತ್ತಿರ ಹೋಗಿ ಮೂತ್ರ ಪರೀಕ್ಷೆ ಮಾಡಿಸಿ ಅಂದೆ. ಐದು ವರ್ಷ ತುಂಬುವ ತನಕ ಮಕ್ಕಳು ರಾತ್ರಿ ಹಾಸಿಗೆ ಒದ್ದೆ ಮಾಡುವುದನ್ನು ಕಾಯಿಲೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ವರ್ಷದಿಂದ ಒಣಗಿದ್ದ ಹಾಸಿಗೆ ದಿಢೀರನೆ ಒದ್ದೆಯಾಗಲು ಶುರುವಾದರೆ, ಮನಸ್ಸಿನ ಕಥೆ ಹುಡುಕುವ ಮುಂಚೆ ಸೋಂಕು ಇದೆಯಾ ಅಂತ ನೋಡಿಬಿಡಬೇಕು. ಪರೀಕ್ಷೆ ಮಾಡಿಸಿದರು, ಏನೂ ಇರಲಿಲ್ಲ.

ಆಮೇಲೆ ಅವರ ಒಂದು ದಿನದ ದಿನಚರಿ ಕೇಳಿದೆ. ವಾರಕ್ಕೆ ಮೂರು ಸಲ ನೈಟ್ ಹಾಲ್ಟ್. ಮಧ್ಯಾಹ್ನ ಮೂರಕ್ಕೆ ಮನೆ ಬಿಟ್ಟರೆ ರಾತ್ರಿ ಯಾವುದೋ ಊರಲ್ಲಿ ಬಸ್ಸಿನಲ್ಲೇ ಮಲಗಿ, ಮಾರನೇ ದಿನ ಬೆಳಗ್ಗೆ ಹತ್ತರ ಹೊತ್ತಿಗೆ ವಾಪಸ್.

"ಮೂರಕ್ಕೆ ಹೊರಡುವಾಗ ಪುಟ್ಟಿ ಏನು ಮಾಡ್ತಾಳೆ?"

"ಅವಳಿಗೆ ಗೊತ್ತೇ ಆಗಲ್ಲ ಮೇಡಂ!" ಹೆಮ್ಮೆಯಿಂದಲೇ ಹೇಳಿದರು. "ಟಿವಿಯಲ್ಲಿ ಕಾರ್ಟೂನ್ ಹಾಕ್ಕೊಟ್ಟು ಹಿತ್ತಲ ಬಾಗಿಲಿಂದ ಹೊರಟುಬಿಡ್ತೀನಿ. ಬ್ಯಾಗನ್ನ ಮೊದಲೇ ಪಕ್ಕದ ಮನೇಲಿ ಇಟ್ಟಿರ್ತೀನಿ. ಅದನ್ನ ಕಂಡ್ರೆ ಸಾಕು, ಅಳು ಶುರು."

ಬ್ಯಾಗು. ನಾನು ಪೆನ್ನು ಕೆಳಗಿಟ್ಟೆ.

ಎರಡು ವರ್ಷದಿಂದ ಹೀಗೆಯೇ ನಡೆದಿತ್ತು. ಅಳಿಸಬಾರದು ಅನ್ನುವ ಪ್ರೀತಿಯಿಂದಲೇ ಮಾಡಿದ್ದು. ಆದರೆ ಪುಟ್ಟಿಯ ಕಡೆಯಿಂದ ನೋಡಿ. ಕಾರ್ಟೂನ್ ಮುಗಿದು ತಿರುಗಿ ನೋಡಿದರೆ ಅಪ್ಪ ಇಲ್ಲ. ಎಲ್ಲಿ ಹೋದರು, ಯಾವಾಗ ಬರುತ್ತಾರೆ, ಬರುತ್ತಾರೋ ಇಲ್ಲವೋ, ಯಾವುದೂ ಗೊತ್ತಿಲ್ಲ. ಹಾಗಾಗಿ ಅಪ್ಪನ ಮೇಲಿಂದ ಕಣ್ಣು ತೆಗೆಯುವ ಹಾಗೇ ಇಲ್ಲ. ತೆಗೆದರೆ ಮಾಯ! ಬಚ್ಚಲ ಬಾಗಿಲು ಬಡಿಯುವುದು ಹಟ ಅಲ್ಲ, ಕಾವಲು. ಈಗ ಆ ಬ್ಯಾಗನ್ನೇ ಅವಳ ಬೆನ್ನಿಗೆ ಹಾಕಿದ್ದಾರೆ.

ಹೀಗೆ ಹೇಳಿದಾಗ ಮಂಜಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಮ್ಮದೊಂದು ವಿಷಯ ಹೇಳಿದರು. ಏಳು ವರ್ಷದವರಿದ್ದಾಗ ಹಾಸ್ಟೆಲ್‌ಗೆ ಸೇರಿಸಿದರಂತೆ. "ಅಪ್ಪ ಪೆಪ್ಪರ್‌ಮೆಂಟ್ ತರ್ತೀನಿ ಇರು ಅಂತ ಹೋದ್ರು ಮೇಡಂ. ದಸರಾ ರಜಕ್ಕೆ ಬಂದ್ರು."

ಎಲ್ಲದಕ್ಕೂ ಬಾಲ್ಯದಲ್ಲೇ ಬೇರು ಹುಡುಕುವ ಚಟ ನಮ್ಮ ವೃತ್ತಿಯವರಿಗೆ ಇದ್ದೇ ಇದೆ. ನಾನು ಅದನ್ನು ಕೆದಕಲಿಲ್ಲ. ಅವರು ಹೇಳಿದರು, ನಾನು ಕೇಳಿಸಿಕೊಂಡೆ, ಅಷ್ಟೇ.

ಮುಂದಿನ ವಾರ ಮನೆಯವರೆಲ್ಲ ಬಂದರು. ಪುಟ್ಟಿ ಮೊದಲ ಹತ್ತು ನಿಮಿಷ ಅಪ್ಪನ ಅಂಗಿಯ ತುದಿ ಬಿಡಲಿಲ್ಲ. ಆಮೇಲೆ ನನ್ನ ಆಟದ ಬುಟ್ಟಿಯ ಬಸ್ಸು ಕಣ್ಣಿಗೆ ಬಿತ್ತು. ಅದಕ್ಕೆ ಗೊಂಬೆ ಹತ್ತಿಸಿದಳು, ಕುರ್ಚಿಯ ಹಿಂದೆ ತಳ್ಳಿದಳು. "ಬಸ್ಸು ಎಲ್ಲಿಗೆ ಹೋಯ್ತು?" ಅಂದೆ. "ಗೊತ್ತಿಲ್ಲ." "ಯಾವಾಗ ಬರುತ್ತೆ?" ಅದಕ್ಕೂ ಭುಜ ಕುಣಿಸಿದಳು.

ಅಷ್ಟರಲ್ಲಿ ಅವಳು ಸ್ಟೂಲ್ ಹತ್ತಲು ಹೋದಳು. ಅಜ್ಜಿ ಕೂತಲ್ಲಿಂದಲೇ, "ಹತ್ಬೇಡ, ಬಿದ್ದೀಯ! ತಡಿ, ಜೂನ್ ಬರ್ಲಿ. ಮಿಸ್ಸು ಬೆತ್ತ ಹಿಡ್ಕೊಂಡು ಕಾಯ್ತಾವ್ರೆ ನಿಂಗೆ" ಅಂದರು.

ನನಗೆ ನಗು ಬಂತು, ಜೊತೆಗೇ ಬೇಸರವೂ ಆಯಿತು. ಇದು ಒಬ್ಬ ಅಜ್ಜಿಯ ಕಥೆಯಲ್ಲ ಅಲ್ವಾ? ಊಟ ಮಾಡದಿದ್ದರೆ ಮಿಸ್ಸಿಗೆ ಹೇಳ್ತೀನಿ, ಗಲಾಟೆ ಮಾಡಿದರೆ ಸ್ಕೂಲಿಗೆ ಹಾಕ್ತೀನಿ. ಇನ್ನೂ ನೋಡದ ಜಾಗವನ್ನು ನಾವೇ ಗುಮ್ಮ ಮಾಡಿಟ್ಟಿರುತ್ತೇವೆ. ಜೂನ್ ಬಂದ ಮೇಲೆ "ಸ್ಕೂಲು ಎಷ್ಟು ಚೆನ್ನಾಗಿರುತ್ತೆ ಗೊತ್ತಾ" ಅಂತ ಮುದ್ದು ಮಾಡಿದರೆ ಮಗು ಯಾಕೆ ನಂಬಬೇಕು? ಅಜ್ಜಿಗೆ ಇದನ್ನು ಉಪದೇಶದ ಹಾಗೆ ಹೇಳಲಿಲ್ಲ. "ಅಮ್ಮಾ, ನಿಮಗೊಂದು ಕೆಲಸ ಇದೆ. ದಿನಾ ರಾತ್ರಿ ಸ್ಕೂಲಿನ ಕಥೆ ನೀವೇ ಹೇಳಬೇಕು. ಬೆತ್ತ ಇಲ್ಲದ ಸ್ಕೂಲು" ಅಂದೆ. ಅವರು ಸೊಸೆಯ ಮುಖ ನೋಡಿ, "ಆಯ್ತು ಬಿಡಿ, ಸುಳ್ಳು ಹೇಳಿದ್ರಾಯ್ತು" ಅಂದರು. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ, ಸುಳ್ಳು ಹೇಳಬೇಕಾಗಿಲ್ಲ ಅಂತ ತಿಳಿಸಿದೆ. ಅವರು ಅಷ್ಟಾಗಿ ನಂಬಿದ ಹಾಗೆ ಕಾಣಲಿಲ್ಲ.

ಮಂಜಣ್ಣನಿಗೆ ಕೊಟ್ಟ ಸಲಹೆ ಒಂದೇ. ಇನ್ನು ಮುಂದೆ ಹಿತ್ತಲ ಬಾಗಿಲು ಬೇಡ. ನಮ್ಮಲ್ಲಿ ಮನೆಯಿಂದ ಹೊರಡುವಾಗ "ಹೋಗ್ತೀನಿ" ಅಂದರೆ ಹಿರಿಯರು ಗದರುತ್ತಾರೆ, "ಹೋಗಿ ಬರ್ತೀನಿ" ಅನ್ನಬೇಕು. ಅದನ್ನೇ ಪುಟ್ಟಿಯ ಕಣ್ಣಿಗೆ ಕಣ್ಣು ಕೊಟ್ಟು, ಬ್ಯಾಗ್ ಕೈಯಲ್ಲಿ ಹಿಡಿದು, ಮುಂಬಾಗಿಲಲ್ಲಿ ನಿಂತು ಹೇಳಿ. "ನೀವು ಡ್ರೈವರ್, ಬೋರ್ಡ್ ಹಾಕದೆ ಬಸ್ ತೆಗೀತೀರಾ?" ಅಂತ ಕೇಳಿದೆ. ಮೊದಲ ಸಲ ನಕ್ಕರು.

ಆದರೆ ನಾಲ್ಕರ ಮಗುವಿಗೆ "ನಾಳೆ ಹತ್ತು ಗಂಟೆಗೆ" ಅಂದರೆ ಏನೂ ಅರ್ಥವಾಗುವುದಿಲ್ಲ. ಅದರ ಗಡಿಯಾರದಲ್ಲಿ ಇರುವುದು ಊಟ, ನಿದ್ದೆ, ಹಾಲು. ಅದಕ್ಕೆ ಒಂದು ಸ್ಲೇಟು ತರಲು ಹೇಳಿದೆ. ನೈಟ್ ಹಾಲ್ಟ್ ದಿನ ಅದರಲ್ಲಿ ಸಾಲಾಗಿ ಚಿತ್ರ ಬರೆಯಬೇಕು: ಊಟದ ತಟ್ಟೆ, ಚಂದ್ರ, ಸೂರ್ಯ, ದೋಸೆ, ಕೊನೆಗೆ ಬಸ್ಸು. ಒಂದೊಂದು ಮುಗಿದ ಹಾಗೆ ಪುಟ್ಟಿಯೇ ಒದ್ದೆ ಬಟ್ಟೆಯಿಂದ ಒರೆಸಬೇಕು. ಬಸ್ಸು ಮಾತ್ರ ಉಳಿದಾಗ ಅಪ್ಪ ಬರುವ ಹೊತ್ತು.

ಮೊದಲ ಕೆಲವು ದಿನ ಈಗಿಗಿಂತ ಜಾಸ್ತಿ ಅಳುತ್ತಾಳೆ ಅಂತ ಎಚ್ಚರಿಸಿದ್ದೆ. ಹಾಗೇ ಆಯಿತು. ಮೂರನೇ ನೈಟ್ ಹಾಲ್ಟ್ ದಿನ ಅತ್ತು ಅತ್ತು ವಾಂತಿ ಮಾಡಿಕೊಂಡಳು. ಹೆಂಡತಿ ಫೋನ್ ಮಾಡಿ, "ಹೇಳಿ ಹೋಗೋದೇ ತಪ್ಪಾಯ್ತೇನೋ ಮೇಡಂ, ಕದ್ದು ಹೋಗೋದೇ ವಾಸಿಯಿತ್ತು" ಅಂದರು. ಬಿಡಬೇಡಿ, ಮಧ್ಯದಲ್ಲಿ ಒಂದು ದಿನ ಕದ್ದು ಹೋದರೂ ಮೊದಲಿಂದ ಶುರು ಮಾಡಬೇಕಾಗುತ್ತದೆ ಅಂದೆ. ಎರಡು ವಾರವಾದ ಮೇಲೆ ಬಚ್ಚಲ ಬಾಗಿಲು ಬಡಿಯುವುದು ನಿಂತಿತು. ಹಾಸಿಗೆ ಮಾತ್ರ ಮೇ ಕೊನೆಯವರೆಗೂ ಆಗಾಗ ಒದ್ದೆಯಾಗುತ್ತಿತ್ತು. ಬೈಯದೆ ಬೆಡ್‌ಶೀಟ್ ಬದಲಿಸಿ ಅಂದಿದ್ದೆ, ಹಾಗೇ ಮಾಡಿದರು.

ಬ್ಯಾಗಿನ ವಿಷಯ ಹೆಂಡತಿಯೇ ಬಗೆಹರಿಸಿದರು. ಬ್ಲೌಸ್ ಹೊಲಿದು ಉಳಿದ ಬಟ್ಟೆಯಲ್ಲಿ ಒಂದು ಪುಟ್ಟ ಚೀಲ ಹೊಲಿದು, ಪುಟ್ಟಿಗೆ ಬೇಕಾದ್ದು ತುಂಬಲು ಬಿಟ್ಟರು. ಬಳಪ, ಎರಡು ಗೋಲಿ, ಅಜ್ಜಿಯ ಹಳೇ ಕನ್ನಡಕದ ಡಬ್ಬಿ. ಆ ಚೀಲ ಹಾಕಿಕೊಂಡು ಅಡುಗೆಮನೆಯಿಂದ ಗೇಟಿನವರೆಗೆ ಹೋಗಿ ಬರುವ ಆಟ. ಇದು ನನಗೆ ಹೊಳೆದಿರಲಿಲ್ಲ.

ಮಂಜಣ್ಣ ನಾಲ್ಕು ಗೆರೆಯ ಕಾಪಿ ಪುಸ್ತಕ ತಂದಿಟ್ಟು ರಜಾ ದಿನ ಎಬಿಸಿಡಿ ತಿದ್ದಿಸುತ್ತಿದ್ದರು. ಅದನ್ನು ಅಟ್ಟಕ್ಕೆ ಹಾಕಿಸಿದೆ. ಮೂರರಿಂದ ಎಂಟು ವರ್ಷದವರಿಗೆ ಆಟದ ಮೂಲಕವೇ ಕಲಿಕೆ ಆಗಬೇಕು ಅಂತ 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳುತ್ತದೆ. ಶಾಲೆಗಳು ಕೇಳುತ್ತವೋ ಬಿಡುತ್ತವೋ, ಅದು ಬೇರೆ ಮಾತು. ಬೆರಳಿಗೆ ಬಲ ಬರಬೇಕಾದರೆ ಚಪಾತಿ ಹಿಟ್ಟು ನಾದಲಿ, ಬಟಾಣಿ ಸುಲಿಯಲಿ. ಎಲ್‌ಕೆಜಿಯ ಮೊದಲ ತಿಂಗಳಲ್ಲಿ ಮಗುವನ್ನು ಅಳಿಸುವುದು ಅಕ್ಷರವಲ್ಲ. ಟಿಫಿನ್ ಬಾಕ್ಸಿನ ಮುಚ್ಚಳ ತೆಗೆಯಲು ಬಾರದಿರುವುದು, ಚಡ್ಡಿ ಜಾರಿಸಲು ಬಾರದಿರುವುದು, ಒಂದಕ್ಕೆ ಬಂದಿದೆ ಅಂತ ಗೊತ್ತಿಲ್ಲದವರ ಹತ್ತಿರ ಹೇಳಲು ನಾಚಿಕೆ. ಶಾಲೆಯವರು ಇಂಗ್ಲಿಷಿನಲ್ಲಿ ಕೇಳುವುದನ್ನು ಕಲಿಸಿ ಅಂದಿದ್ದರಂತೆ. "ಮಿಸ್, ಸುಸ್ಸು" ಅಂತ ಗಟ್ಟಿಯಾಗಿ ಹೇಳಿದರೆ ಯಾವ ಮಿಸ್ಸಿಗೂ ಅರ್ಥವಾಗುತ್ತದೆ, ಮೊದಲು ಅಷ್ಟು ಕಲಿಸಿ ಅಂದೆ. ಇನ್ನೊಂದು ನಿದ್ದೆ. ಈ ವಯಸ್ಸಿಗೆ ದಿನಕ್ಕೆ 10ರಿಂದ 13 ಗಂಟೆ ಬೇಕು. ಅಪ್ಪ ಮನೆಯಲ್ಲಿರುವ ಖುಷಿಗೆ ರಾತ್ರಿ ಹನ್ನೊಂದರವರೆಗೆ ಎದ್ದಿರುತ್ತಿದ್ದಳು. ಅದನ್ನು ದಿನಕ್ಕೆ ಹದಿನೈದು ನಿಮಿಷದಂತೆ ಹಿಂದೆ ತಂದರು.

ಒಂದು ವರ್ಷ ತಡ ಮಾಡುವ ಪ್ರಶ್ನೆಗೆ ಕೊನೆಗೆ ಬಂದೆವು. ನಮ್ಮ ರಾಜ್ಯದ ನಿಯಮದಂತೆ ಜೂನ್ 1ಕ್ಕೆ ಆರು ತುಂಬಿದ್ದರೆ ಒಂದನೇ ತರಗತಿ. 2025-26ನೇ ಸಾಲಿಗೆ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು. ಈಗ ಎಲ್‌ಕೆಜಿ ಸೇರಿದರೆ ಎರಡು ವರ್ಷದ ನಂತರ ಪುಟ್ಟಿ ಆರರ ಲೆಕ್ಕಕ್ಕೆ ಸರಿಯಾಗಿ ಬರುತ್ತಾಳೆ, ಆದರೆ ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವರ ಸಾಲಿನಲ್ಲಿ. ಮಾತು ಹಿಂದಿದ್ದರೆ, ಶೌಚದ ಅಭ್ಯಾಸ ಆಗಿರದಿದ್ದರೆ ನಾನೇ ತಡ ಮಾಡಿ ಅನ್ನುತ್ತಿದ್ದೆ. ಅವಳಿಗೆ ಎರಡೂ ಚೆನ್ನಾಗಿವೆ. "ಅವಳ ಭಯಕ್ಕೆ ವರ್ಷ ತಡ ಮಾಡಿದ್ರೆ ಭಯ ಒಂದು ವರ್ಷ ದೊಡ್ಡದಾಗುತ್ತೆ ಅಷ್ಟೇ" ಅಂದೆ. ಹೆಂಡತಿ ಪಕ್ಕದಿಂದ, "ಅವಳಿಗಲ್ಲ ಮೇಡಂ, ಇವರಿಗೇ ಭಯ ಜಾಸ್ತಿ" ಅಂದರು.

ಗೇಟಿನಲ್ಲಿ ಏನು ಮಾಡಬೇಕು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಎರಡು ನಿಮಿಷ, ಜಾಸ್ತಿ ಬೇಡ. ಒಂದು ಅಪ್ಪುಗೆ. ಕರೆದುಕೊಂಡು ಹೋಗಲು ಯಾರು, ಯಾವಾಗ ಬರುತ್ತಾರೆ ಅಂತ ಒಂದು ಮಾತು. ಹೋಗಿ ಬರ್ತೀನಿ. ತಿರುಗಿ ಬಂದು ಇನ್ನೊಮ್ಮೆ ಮುದ್ದು ಮಾಡುವಂತಿಲ್ಲ, ಕಿಟಕಿಯಲ್ಲಿ ಇಣುಕುವಂತಿಲ್ಲ.

ಮಂಜಣ್ಣ ಮೊದಲ ಮೂರು ದಿನ ರಜೆ ಹಾಕಿದರು. ಕಿಟಕಿಯಲ್ಲಿ ಇಣುಕಲಿಲ್ಲ, ಮಾತು ಉಳಿಸಿಕೊಂಡರು. ಆದರೆ ಎದುರಿನ ಬೀಡಾ ಅಂಗಡಿಯ ಪಕ್ಕ ಬೈಕ್ ನಿಲ್ಲಿಸಿಕೊಂಡು ಶಾಲೆ ಬಿಡುವ ತನಕ ಅಲ್ಲೇ ನಿಂತಿದ್ದರಂತೆ. ಪುಟ್ಟಿ ಆರು ದಿನ ಅತ್ತಳು. ದಿನಾ ಮಿಸ್ಸಿಗೆ "ಅತ್ತಳಾ?" ಅಂತ ಕೇಳುತ್ತಿದ್ದರು. ಆ ಪ್ರಶ್ನೆ ಬದಲಿಸಿ, "ಎಷ್ಟು ಹೊತ್ತಿಗೆ ಸುಮ್ಮನಾದಳು?" ಅಂತ ಕೇಳಿ ಅಂದೆ. ಮೊದಲ ದಿನ ಮುಕ್ಕಾಲು ಗಂಟೆ, ಐದನೇ ದಿನ ಹತ್ತು ನಿಮಿಷ. ಅಳು ಗೇಟಿನ ಹತ್ತಿರ ಕೇಳುತ್ತದೆ, ಅದು ನಿಂತದ್ದು ರಸ್ತೆಯವರೆಗೆ ಕೇಳುವುದಿಲ್ಲ.

ಮೂರನೇ ವಾರ ಎಡವಟ್ಟಾಯಿತು. ಮಳೆಗೆ ದಾರಿಯಲ್ಲಿ ಮರ ಬಿದ್ದು, ಕರೆದುಕೊಂಡು ಹೋಗಲು ಬರ್ತೀನಿ ಅಂದ ಅಪ್ಪ ಅರ್ಧ ಗಂಟೆ ತಡ. ಮಾರನೇ ದಿನ ಮತ್ತೆ ಅಳು. ಡಿಪೋದಿಂದ ಫೋನ್ ಬಂತು: "ಎಲ್ಲ ನೀರಲ್ಲಿ ಹೋಯ್ತು ಮೇಡಂ." ಚಾಕೊಲೇಟ್ ಕೊಟ್ಟು ಮರೆಸಬೇಡಿ, ಮರ ಬಿದ್ದಿದ್ದನ್ನು ಇದ್ದ ಹಾಗೆ ಹೇಳಿ, ಬರ್ತೀನಿ ಅಂದು ತಡ ಮಾಡಿದ್ದು ತಪ್ಪಾಯ್ತು ಅನ್ನಿ ಅಂದೆ. ಪುಟ್ಟಿ ಕೇಳಿದ್ದು ಒಂದೇ ಪ್ರಶ್ನೆಯಂತೆ: "ಮರಕ್ಕೆ ಗಾಯ ಆಯ್ತಾ?" ಎರಡು ದಿನದಲ್ಲಿ ಸರಿಹೋಯಿತು.

ಇದೇ ಪರಿಸ್ಥಿತಿಯಲ್ಲಿರುವ ಅಪ್ಪ ಅಮ್ಮಂದಿರಿಗೆ ಒಂದು ಅಳತೆ ಹೇಳಿಬಿಡುತ್ತೇನೆ. ಮೊದಲ ಎರಡು ಮೂರು ವಾರದ ಅಳು ಮಾಮೂಲಿ. ಅಗಲಿಕೆಯ ಆತಂಕವನ್ನು ಕಾಯಿಲೆ ಅಂತ ಗುರುತಿಸಲು ಅದು ಕನಿಷ್ಠ ನಾಲ್ಕು ವಾರ ಬಿಡದೆ ಕಾಡಬೇಕು. ನಾಲ್ಕು ವಾರ ದಾಟಿದರೆ, ಊಟ ನಿದ್ದೆ ಕೆಟ್ಟರೆ, ಮನೆಯಲ್ಲಿ ಚಟಪಟ ಮಾತಾಡುವ ಮಗು ಶಾಲೆಯಲ್ಲಿ ತಿಂಗಳಾದರೂ ಬಾಯೇ ಬಿಡದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಹೋಗುತ್ತಿದ್ದ ಮಗು ಒಂದು ದಿನ ಇದ್ದಕ್ಕಿದ್ದಂತೆ ಹೋಗಲ್ಲ ಅಂದರೆ ಮಾತ್ರ ವಾರ ಎಣಿಸಬೇಡಿ. ಅಲ್ಲಿ ಏನಾಯಿತು ಅಂತ ಅವತ್ತೇ ವಿಚಾರಿಸಿ.

ಆಗಸ್ಟ್‌ನಲ್ಲಿ ಮಂಜಣ್ಣ ಮತ್ತೆ ಫೋನ್ ಮಾಡಿದರು. ಹಿಂದೆ ಬಸ್‌ಸ್ಟ್ಯಾಂಡಿನ ಗದ್ದಲ.

"ಮೇಡಂ, ಆ ಸ್ಲೇಟು ಬಿದ್ದು ಒಡೆದುಹೋಯ್ತು. ಹದಿನೈದು ದಿನ ಆಯ್ತು."

"ಪುಟ್ಟಿ ಏನಂದ್ಲು?"

"ಏನೂ ಇಲ್ಲ. ಕೇಳೇ ಇಲ್ಲ."

"ಮತ್ತಿನ್ನೇನು, ಬೇಡ ಬಿಡಿ."

"ಹೌದಾ?" ಅಂದು ಸ್ವಲ್ಪ ತಡೆದರು. "ನಾನಾಗ್ಲೇ ಹೊಸದು ತಂದುಬಿಟ್ಟೆ ಮೇಡಂ."