ಟ್ಯಾಬ್‌ಗೆ ಹಾಕಿದ ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಅಂದರೆ ಮೊದಲು ಅದಕ್ಕೆ ಕರೆಂಟ್ ಕೊಡಿ

ನಮಸ್ಕಾರ. ಕಾರವಾರದಿಂದ ನೀವು ಬರೆದದ್ದನ್ನು ಎರಡು ಸಲ ಓದಿದೆ. ಲ್ಯಾಪ್‌ಟಾಪ್ ಕೆಟ್ಟಿದೆ, ಈಗ ಮನೆಯಲ್ಲಿರುವುದು ಹೊಸ ಆಂಡ್ರಾಯ್ಡ್ ಟ್ಯಾಬ್ ಒಂದೇ. ತಂದೆಯವರು ಕೂಡಿಟ್ಟ ತಾಳಮದ್ದಲೆ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ರೆಕಾರ್ಡಿಂಗ್ ಎಲ್ಲ 2 ಟಿಬಿಯ ಹಳೇ ಹಾರ್ಡ್‌ಡಿಸ್ಕಿನಲ್ಲಿವೆ. ಚಿಕ್ಕ ಓಟಿಜಿ (ಟ್ಯಾಬ್‌ಗೆ ಯುಎಸ್‌ಬಿ ಸಾಧನ ಸೇರಿಸುವ ಕೊಂಡಿ) ಹಾಕಿ ಜೋಡಿಸಿದರೆ ಲೈಟ್ ಮಿನುಗಿ ಆರುತ್ತದೆ, ಒಳಗೆ ಟಿಕ್ ಟಿಕ್ ಶಬ್ದ, ಟ್ಯಾಬ್‌ನಲ್ಲಿ ಏನೂ ಕಾಣುವುದಿಲ್ಲ. ಪೆನ್‌ಡ್ರೈವ್ ಮಾತ್ರ ಸರಿಯಾಗಿ ಓದುತ್ತದೆ. ಇಷ್ಟೇ ಅಲ್ವಾ?

ಪೆನ್‌ಡ್ರೈವ್ ಓದುತ್ತದೆ ಅಂದಿರಲ್ಲ, ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಟ್ಯಾಬ್ ಸರಿ ಇದೆ, ಓಟಿಜಿಯೂ ಸರಿ ಇದೆ. ಹೆಚ್ಚಾಗಿ ಡಿಸ್ಕಿಗೆ ಕರೆಂಟ್ ಸಾಲುತ್ತಿಲ್ಲ. ದಯವಿಟ್ಟು ಇನ್ನು ಹಾಗೇ ಹಾಕಿ ತೆಗೆದು ಮಾಡಬೇಡಿ. ತಾಳಮದ್ದಲೆಯಲ್ಲಿ ಅರ್ಥ, ಅಂದರೆ ಕಲಾವಿದರು ಆಡುವ ಮಾತು, ಬರೆದಿಟ್ಟದ್ದಲ್ಲ, ಆ ರಾತ್ರಿ ಆ ಕೂಟದಲ್ಲೇ ಹುಟ್ಟಿದ ಮಾತು. ಆ ಫೈಲ್ ಹೋದರೆ ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ಪೆನ್‌ಡ್ರೈವ್‌ನಲ್ಲಿ ತಿರುಗುವ ಭಾಗ ಇಲ್ಲ. ಹಾರ್ಡ್‌ಡಿಸ್ಕ್ ಒಳಗೆ ತಟ್ಟೆ ಇದೆ, ಅದು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗಬೇಕು. ಬಾವಿಯ ಪಂಪ್ ಶುರುವಾಗುವಾಗ ಮನೆಯ ಬಲ್ಬು ಒಂದು ಕ್ಷಣ ಮಂಕಾಗುವುದಿಲ್ಲವೇ, ಇಲ್ಲೂ ಹಾಗೇ. ನಿಂತ ತಟ್ಟೆಯನ್ನು ಎಬ್ಬಿಸಲು ಜಾಸ್ತಿ ಕರೆಂಟ್ ಬೇಕು. 2.5 ಇಂಚಿನ ಡಿಸ್ಕ್ ಆ ಹೊತ್ತಿಗೆ ಸುಮಾರು 1 ಆಂಪಿಯರ್ ಎಳೆಯುತ್ತದೆ. ಯುಎಸ್‌ಬಿ 2.0 ನಿಯಮದ ಪ್ರಕಾರ ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3.0ರಲ್ಲಿ 900. ಟ್ಯಾಬ್ ಬ್ಯಾಟರಿ ಮೇಲೆ ಬದುಕುವ ಸಾಧನ, ಅದು ಕೈ ಬಿಗಿ ಹಿಡಿದೇ ಕೊಡುತ್ತದೆ.

ಡಿಸ್ಕನ್ನು ಮೇಜಿನ ಮೇಲೆ ಮಲಗಿಸಿ, ಬೆರಳ ತುದಿ ಮೆತ್ತಗೆ ಇಟ್ಟರೆ ಇದು ಗೊತ್ತಾಗುತ್ತದೆ. ಒಳಗೆ ಏನೋ ಏಳಲು ಹೊರಟಂತೆ ಸಣ್ಣ ನಡುಕ ಬರುತ್ತದೆ, ಟಿಕ್ ಅನ್ನುತ್ತದೆ, ನಿಲ್ಲುತ್ತದೆ. ಎರಡು ಸೆಕೆಂಡ್ ಬಿಟ್ಟು ಮತ್ತೆ ಅದೇ. ಕರೆಂಟ್ ಸರಿಯಾಗಿ ಸಿಕ್ಕಿದ ದಿನ ಆ ನಡುಕ ನಿಲ್ಲದೆ ಒಂದೇ ಸಮ ಗುಂಯ್ ಅನ್ನುವ ಓಟಕ್ಕೆ ತಿರುಗುತ್ತದೆ. ಒಮ್ಮೆ ಕೇಳಿದರೆ ಮತ್ತೆ ಮರೆಯುವುದಿಲ್ಲ.

ಹಾಗಾಗಿ ಟ್ಯಾಬ್ ಮತ್ತು ಡಿಸ್ಕ್ ನಡುವೆ ಹೊರಗಿನಿಂದ ಕರೆಂಟ್ ತೆಗೆದುಕೊಳ್ಳುವ ಒಂದು ಹಬ್, ಅಂದರೆ ಹಲವು ಪೋರ್ಟ್ ಇರುವ ಚಿಕ್ಕ ಪೆಟ್ಟಿಗೆ, ಬೇಕು. ನಿಮ್ಮ ಟ್ಯಾಬ್ ಟೈಪ್-ಸಿ ಆಗಿದ್ದರೆ 'ಪಿಡಿ' (ಪವರ್ ಡೆಲಿವರಿ, ಹೆಚ್ಚು ಕರೆಂಟ್ ಸಾಗಿಸುವ ವ್ಯವಸ್ಥೆ) ಎಂದು ಬರೆದ ಪೋರ್ಟ್ ಇರುವ ಟೈಪ್-ಸಿ ಹಬ್ ತೆಗೆದುಕೊಳ್ಳಿ. ಆ ಪೋರ್ಟ್‌ಗೆ ಚಾರ್ಜರ್ ಹಾಕಿದರೆ ಡಿಸ್ಕೂ ಓಡುತ್ತದೆ, ಟ್ಯಾಬೂ ಚಾರ್ಜ್ ಆಗುತ್ತದೆ. ಹಬ್ ತನಗೆಂದೇ ಕೆಲವು ವ್ಯಾಟ್ ಇಟ್ಟುಕೊಳ್ಳುತ್ತದೆ, ಅದಕ್ಕೆ 30 ವ್ಯಾಟ್‌ಗಿಂತ ಕಡಿಮೆ ಚಾರ್ಜರ್ ಬೇಡ ಅಂತ ನನ್ನ ಅಭಿಪ್ರಾಯ. ಟ್ಯಾಬ್ ಹಳೇ ಮೈಕ್ರೋ ಯುಎಸ್‌ಬಿಯದಾದರೆ ಸ್ವಂತ 5 ವೋಲ್ಟ್ ಅಡಾಪ್ಟರ್ ಇರುವ ಹಬ್ ತನ್ನಿ, ಅದನ್ನು ಓಟಿಜಿ ಮೂಲಕ ಟ್ಯಾಬ್‌ಗೆ ಜೋಡಿಸಿ. ಆಗ ಟ್ಯಾಬ್ ಚಾರ್ಜ್ ಆಗುವುದನ್ನು ನಂಬಬೇಡಿ, ಮೊದಲೇ ತುಂಬಿಸಿಕೊಳ್ಳಿ. ಲೈಟ್ನಿಂಗ್ ಪಿನ್ನಿನ ಐಪ್ಯಾಡ್ ಇರುವವರಿಗೆ ಪಕ್ಕದಲ್ಲಿ ಚಾರ್ಜಿಂಗ್ ಪೋರ್ಟ್ ಇರುವ ಯುಎಸ್‌ಬಿ 3 ಕ್ಯಾಮೆರಾ ಅಡಾಪ್ಟರ್ ಬರುತ್ತದೆ, ಐಪ್ಯಾಡ್‌ಓಎಸ್ 13 ಅಥವಾ ಅದರ ನಂತರದ್ದು ಇರಬೇಕು. ಮೇಜಿನ ಮೇಲೆ ಇಡುವ 3.5 ಇಂಚಿನ ದೊಡ್ಡ ಡಿಸ್ಕಿಗೆ 12 ವೋಲ್ಟ್ ಬೇಕು. ಅದರ ಜೊತೆ ಬಂದ ಅಡಾಪ್ಟರ್ ಇಲ್ಲದೆ ಯಾವ ಹಬ್ಬೂ ಅದನ್ನು ಓಡಿಸದು.

ಇನ್ನು ಜೋಡಿಸುವ ಕ್ರಮ. ಮೊದಲು ಹಬ್‌ಗೆ ಚಾರ್ಜರ್, ಆಮೇಲೆ ಟ್ಯಾಬ್, ಕೊನೆಗೆ ಡಿಸ್ಕ್. ಪಿಡಿ ಹಬ್‌ಗಳಲ್ಲಿ ಚಾರ್ಜರ್ ಹಾಕಿದಾಗ, ಕಿತ್ತಾಗ, ಡಿಸ್ಕಿನ ಸಂಪರ್ಕ ಒಂದು ಕ್ಷಣ ತಪ್ಪಬಹುದು. ಕಾಪಿ ನಡೆಯುವಾಗ ಹಾಗಾದರೆ ಫೈಲ್ ಅರ್ಧಕ್ಕೇ ನಿಲ್ಲುತ್ತದೆ. ಎರಡು ಮಳೆಗಾಲದ ಹಿಂದೆ ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಇದೇ ಆಯಿತು. ರಾತ್ರಿ ಒಂದು ಪೂರ್ತಿ ಕೂಟ ಕಾಪಿಗೆ ಹಾಕಿ ಮಲಗಿದ್ದೆ. ಗಾಳಿಮಳೆಗೆ ಕರೆಂಟ್ ಹೋಯಿತು. ಬೆಳಿಗ್ಗೆ ನೋಡಿದರೆ ಫೈಲಿನ ಹೆಸರಿದೆ, ಒತ್ತಿದರೆ ತೆರೆಯುವುದಿಲ್ಲ. ಮೂಲ ಫೈಲ್ ಅಳಿಸದೆ ಇಟ್ಟಿದ್ದರಿಂದ ಉಳಿಯಿತು. ಅಂದಿನಿಂದ ನಾನು ಹಬ್‌ಗೆ ಗೋಡೆಯ ಚಾರ್ಜರ್ ಬದಲು 30 ವ್ಯಾಟ್ ಪಿಡಿ ಇರುವ ಪವರ್‌ಬ್ಯಾಂಕ್ ಹಾಕುತ್ತೇನೆ. ನಮ್ಮ ಜಿಲ್ಲೆಯ ಮಳೆಗಾಲಕ್ಕೆ ಇದೇ ಸರಿ.

ಈಗ ಬಹಳ ಮುಖ್ಯವಾದದ್ದು. ಕರೆಂಟ್ ಸಿಕ್ಕಿ ಡಿಸ್ಕ್ ಓಡಿದ ಮೇಲೆ ಟ್ಯಾಬ್ 'ಈ ಡ್ರೈವ್ ಬೆಂಬಲಿತವಲ್ಲ, ಫಾರ್ಮ್ಯಾಟ್ ಮಾಡಿ' ಅಂತ ಕೇಳಬಹುದು. ಒತ್ತಬೇಡಿ! ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಬಳಸಿದ ಡಿಸ್ಕ್ ಹೆಚ್ಚಾಗಿ ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲ್ ಇಡುವ ಕ್ರಮ) ಆಗಿರುತ್ತದೆ. ಅದನ್ನು ಎಷ್ಟೋ ಆಂಡ್ರಾಯ್ಡ್ ಟ್ಯಾಬ್‌ಗಳು ಓದುವುದಿಲ್ಲ. ಡಿಸ್ಕ್ ಹಾಳಾಗಿಲ್ಲ, ಟ್ಯಾಬ್‌ಗೆ ಅದರ ಲಿಪಿ ಗೊತ್ತಿಲ್ಲ ಅಷ್ಟೇ. ಫಾರ್ಮ್ಯಾಟ್ ಒತ್ತಿದರೆ ತಂದೆಯವರ ಸಂಗ್ರಹ ಅಳಿಸಿಹೋಗುತ್ತದೆ. ಎನ್‌ಟಿಎಫ್‌ಎಸ್ ಓದುವ ಆ್ಯಪ್‌ಗಳು ಪ್ಲೇ ಸ್ಟೋರ್‌ನಲ್ಲಿವೆ. ಅದಕ್ಕಿಂತ, ಯಾರದಾದರೂ ಕಂಪ್ಯೂಟರ್ ಒಂದು ದಿನಕ್ಕೆ ಕೇಳಿ, ಎಕ್ಸ್‌ಫ್ಯಾಟ್ (ಫೈಲ್ ಇಡುವ ಇನ್ನೊಂದು ಕ್ರಮ) ಮಾಡಿದ ಹೊಸ ಎಸ್‌ಎಸ್‌ಡಿಗೆ (ಚಿಪ್‌ನಲ್ಲಿ ಡೇಟಾ ಇಡುವ ಡ್ರೈವ್) ಎಲ್ಲವನ್ನೂ ಕಾಪಿ ಮಾಡಿಕೊಳ್ಳುವುದು ಒಳ್ಳೆಯದು. ಆದರೆ ಟ್ಯಾಬ್‌ಗೆ ಎಕ್ಸ್‌ಫ್ಯಾಟ್ ಬರುತ್ತದಾ ಅಂತ ಒಂದು ಪೆನ್‌ಡ್ರೈವ್‌ನಲ್ಲಿ ಮೊದಲೇ ನೋಡಿಕೊಳ್ಳಿ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆ ಇಲ್ಲ, ಎಷ್ಟೋ ಸಲ ಹಬ್ ಇಲ್ಲದೆಯೂ ನಡೆಯುತ್ತದೆ. ಫ್ಯಾಟ್32 ಎಂಬ ಹಳೇ ಕ್ರಮ ಮಾತ್ರ ಬೇಡ, ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಇಡೀ ರಾತ್ರಿಯ ಯಕ್ಷಗಾನ ಆಟದ ವಿಡಿಯೋ ಅದಕ್ಕೆ ಹಿಡಿಸುವುದಿಲ್ಲ.

ಟ್ಯಾಬ್‌ನಿಂದಲೇ ಕಾಪಿ ಮಾಡುವುದಾದರೆ ತಾಳ್ಮೆ ಇರಲಿ. ಕಡಿಮೆ ಬೆಲೆಯ ಟ್ಯಾಬ್‌ಗಳ ಟೈಪ್-ಸಿ ಪೋರ್ಟ್ ಒಳಗೆ ಯುಎಸ್‌ಬಿ 2.0 ವೇಗದ್ದೇ ಇರುತ್ತದೆ. ಸೆಕೆಂಡಿಗೆ 35 ಎಂಬಿ ಅಂತ ಹಿಡಿದರೂ 100 ಜಿಬಿಗೆ 48 ನಿಮಿಷ ಬೇಕು. ಒಂದೊಂದೇ ಫೋಲ್ಡರ್ ಹಾಕಿ, ಮುಗಿದ ಮೇಲೆ ನಡುವಿನಿಂದ ಒಂದು ಪದ್ಯ ಕೇಳಿ ನೋಡಿ. ಕೀಳುವ ಮೊದಲು ಮೇಲಿನ ನೋಟಿಫಿಕೇಶನ್‌ನಲ್ಲಿ ಎಜೆಕ್ಟ್ ಒತ್ತಿ.

ನೀವು ಕಡಲ ಪಕ್ಕದವರು, ಅದಕ್ಕೆ ಇನ್ನೊಂದು ಮಾತು. ಹಳೇ ಡಿಸ್ಕಿನ ಕೇಬಲ್ ತುದಿ ಅಗಲವಾಗಿ, ಚಪ್ಪಟೆಯಾಗಿ, ನಡುವೆ ಸೀಳಿದಂತೆ ಇರುತ್ತದಲ್ಲ, ಅದನ್ನು ಟಾರ್ಚ್ ಹಿಡಿದು ನೋಡಿ. ಉಪ್ಪುಗಾಳಿಗೆ ಪಿನ್ ಮೇಲೆ ಹಸಿರು ಕಿಲುಬು ಹಿಡಿದಿದ್ದರೆ ಎಷ್ಟು ಕರೆಂಟ್ ಕೊಟ್ಟರೂ ಒಳಗೆ ಹೋಗುವುದಿಲ್ಲ. ಕೇಬಲ್ ಹೊಸದು ತನ್ನಿ, ಒಂದಡಿಗಿಂತ ಉದ್ದ ಬೇಡ. ಉದ್ದದ ತೆಳು ಕೇಬಲ್‌ನಲ್ಲಿ ವೋಲ್ಟೇಜ್ ಇಳಿಯುತ್ತದೆ. ಡಿಸ್ಕಿನ ಕಡೆಯ ಪಿನ್ನನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತನೆ ಬ್ರಷ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಉಳಿದ ಹೊತ್ತು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಒಳ್ಳೆಯ ಹಬ್, ಹೊಸ ಕೇಬಲ್ ಹಾಕಿಯೂ ಟಿಕ್ ಟಿಕ್ ನಿಲ್ಲದಿದ್ದರೆ ಅಲ್ಲಿಗೇ ಬಿಡಿ. ಆಗ ತಟ್ಟೆಯನ್ನು ಓದುವ ಒಳಗಿನ ಹೆಡ್ ಹೋಗಿರಬಹುದು. ಡಬ್ಬಿ ಬಿಚ್ಚಬೇಡಿ, ಕುಟ್ಟಬೇಡಿ, ಡೇಟಾ ರಿಕವರಿ ಮಾಡುವವರಿಗೇ ಕೊಡಬೇಕು.

ಹಬ್ ಕೊಳ್ಳುವ ಮೊದಲು ಟ್ಯಾಬ್‌ನ ಮಾಡೆಲ್ ಹೆಸರು ಮತ್ತು ಡಿಸ್ಕಿನ ಹಿಂದಿನ ಲೇಬಲ್ ಫೋಟೋ ಇಲ್ಲಿ ಹಾಕಿ, ಸೀರಿಯಲ್ ನಂಬರ್ ಮುಚ್ಚಿ. ಘಟ್ಟ ಹತ್ತಿ ಶಿರಸಿ ಕಡೆ ಬರುವುದಿದ್ದರೆ ಡಿಸ್ಕನ್ನೇ ಮೆತ್ತನೆ ಬಟ್ಟೆಯಲ್ಲಿ ಸುತ್ತಿ ತನ್ನಿ. ನನ್ನ ಹಬ್‌ಗೆ ಹಾಕಿ ನೋಡೋಣ.