ಶವವಾಹನ ಕಟ್ಟಿಸುವ ಮೊದಲು ಚಟ್ಟ ಅಳೆಯಿರಿ

ಗೌರಿಬಿದನೂರು ತಾಲ್ಲೂಕಿನ ಯುವಕ ಸಂಘವೊಂದರ ಪತ್ರ: “ಊರವರ ಚಂದಾ ಹಣದಲ್ಲಿ ಶವವಾಹನ ಮಾಡಿಸುತ್ತಿದ್ದೇವೆ. ಹಳೆಯ ಟಾಟಾ ಏಸ್ ಅಗ್ಗಕ್ಕೆ ಸಿಗುತ್ತಿದೆ. ಗಾಜಿನ ಮಂಟಪ ಕೂರಿಸಿ, ಫ್ರೀಜರ್ ಬಾಕ್ಸ್ ಇಟ್ಟರೆ ಸಾಕೆ?”

ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ. ಆದರೆ ಏಸ್ ಬೇಡ. ಅದರ ತೊಟ್ಟಿ ಸುಮಾರು 7 ಅಡಿ. ಹೆಗಲು ಕೊಡುವವರಿಗೆ ಹಿಡಿ ಸಿಗಲೆಂದು ಚಟ್ಟದ ಬಿದಿರನ್ನು ಉದ್ದ ಬಿಟ್ಟರೆ ಹಿಂಬಾಗಿಲು ಮುಚ್ಚುವುದಿಲ್ಲ. ಹಗ್ಗ ಬಿಗಿದು ಹೊರಟರೂ ಹಂಪ್ ಹತ್ತುವಾಗ ಚಟ್ಟ ಹಿಂದಕ್ಕೆ ಜಾರುತ್ತದೆ. 9 ಅಡಿ ತೊಟ್ಟಿಯ ಪಿಕಪ್ ನೋಡಿ.

ಮಂಟಪವನ್ನು ಖಾಯಂ ಆಗಿ ವೆಲ್ಡ್ ಮಾಡಿಸಬೇಡಿ. ಲಿಂಗಾಯತರು ಪಾರ್ಥಿವ ಶರೀರವನ್ನು ಕೂರಿಸಿ ಒಯ್ಯುತ್ತಾರೆ. ತಗ್ಗು ಚಾವಣಿಯಾದರೆ ತಲೆ ತಾಗುತ್ತದೆ. ಬೋಲ್ಟ್ ಬಿಚ್ಚಿ ತೆಗೆಯುವಂತಿರಲಿ. ಉಳಿದ ಹಣವನ್ನು ಚಟ್ಟ ಇಡುವ ಟ್ರೇಗೆ ಹಾಕಿ: 304 ದರ್ಜೆಯ ಸ್ಟೀಲು, ಸುತ್ತ ಒಂದಿಂಚು ಅಂಚು, ಕೆಳಗೆ ನೈಲಾನ್ ರೋಲರ್, ಎರಡೂ ಬದಿ ಲಾಕ್ ಪಿನ್. ಹಿಂದಕ್ಕೆ ತುಸು ಇಳಿಜಾರು ಕೊಟ್ಟು, ನೀರು ರಸ್ತೆಗೆ ಸುರಿಯದಂತೆ ಪೈಪನ್ನು ಮುಚ್ಚಳದ ಕ್ಯಾನಿಗೆ ಇಳಿಸಿ. ಎರಚಿದ ಪುರಿಯೂ ಚೆಂಡುಹೂವಿನ ಎಸಳೂ ನೆನೆದು ಪೈಪಿನ ಬಾಯಿ ಕಟ್ಟುತ್ತವೆ, ಹಾಗಾಗಿ ಅಲ್ಲಿ ಜಾಲರಿ ಬೇಕೇ ಬೇಕು. ಪ್ರತಿ ಸಲ ಸೋಪಿನಿಂದ ತೊಳೆದ ಮೇಲೆ, ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಬಳಿಯಿರಿ. 10 ನಿಮಿಷಕ್ಕೆ ಬರೀ ನೀರು ಹೊಯ್ದು ತೆಗೆಯದಿದ್ದರೆ ಸ್ಟೀಲಿನಲ್ಲೂ ಚುಕ್ಕೆ ಚುಕ್ಕೆಯಾಗಿ ತೂತು ಬೀಳುತ್ತದೆ.

ಫ್ರೀಜರ್ ಬಾಕ್ಸ್ ಸತ್ತವರ ಮನೆಯಲ್ಲಿರಲಿ, ಗಾಡಿಯಲ್ಲಿ ಬೇಡ. 400 ವಾಟ್‌ನ ಪೆಟ್ಟಿಗೆ ಇನ್ವರ್ಟರ್ ಮೂಲಕ 12 ವೋಲ್ಟ್ ಬ್ಯಾಟರಿಯಿಂದ 40 ಆಂಪಿಯರ್‌ನಷ್ಟು ಎಳೆಯುತ್ತದೆ, ಕಂಪ್ರೆಸರ್ ಶುರುವಾಗುವಾಗ ಅದರ ಹಲವು ಪಟ್ಟು. ನಿಧಾನಕ್ಕೆ ಸಾಗುವ ಗಾಡಿಯಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅಷ್ಟನ್ನು ತುಂಬಿಕೊಡದು. ಸ್ಮಶಾನದಲ್ಲಿ ಎಂಜಿನ್ ಆರಿಸಿದರೆ ಮತ್ತೆ ಸ್ಟಾರ್ಟ್ ಆಗದು. ಮನೆಯಲ್ಲೂ ಕರೆಂಟ್ ಹೋಗಿ ಬಂದ ಕೂಡಲೇ ಸ್ವಿಚ್ ಹಾಕಬಾರದು. ಒಳಗಿನ ಗ್ಯಾಸ್ ಒತ್ತಡ ಸಮವಾಗಲು 5 ನಿಮಿಷ ಬಿಡಿ, ಇಲ್ಲವಾದರೆ ಮೋಟಾರ್ ಸುಡುತ್ತದೆ.

ಡ್ರೈವರ್‌ಗೂ ಒಂದು ಮಾತು ಹೇಳಿಡಿ. ತಮಟೆಯವರ ನಡಿಗೆಗೆ ಹೊಂದಿಸಲು ಹಾಫ್ ಕ್ಲಚ್‌ನಲ್ಲಿ ತೆವಳಿದರೆ ಕ್ಲಚ್ ಪ್ಲೇಟ್ ಸುಡುತ್ತದೆ. ಫಸ್ಟ್ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಸ್ವಲ್ಪ ಮುಂದೆ ಹೋಗಿ, ನ್ಯೂಟ್ರಲ್‌ನಲ್ಲಿ ನಿಂತು ಜನ ಬರುವವರೆಗೆ ಕಾಯಲಿ.

ಕೊನೆಗೆ ಕಾಗದಪತ್ರ. ಮೋಟಾರು ವಾಹನ ನಿಯಮದಲ್ಲಿ ಶವವಾಹನಕ್ಕೆ ಬೇರೆಯೇ ವರ್ಗವಿದೆ. ಗೂಡ್ಸ್ ಎಂದೇ ಉಳಿಸಿಕೊಂಡು ಹಿಂದೆ ನೆಂಟರನ್ನು ಕೂರಿಸಿದಾಗ ಅಪಘಾತವಾದರೆ ವಿಮೆಯವರು ತಕರಾರು ತೆಗೆಯುತ್ತಾರೆ. ಗಾಡಿಯ ಬಾಡಿ ಕಟ್ಟುವವರಿಗೆ ಮುಂಗಡ ಕೊಡುವ ಮೊದಲೇ ಚಿಕ್ಕಬಳ್ಳಾಪುರದ ಆರ್‌ಟಿಒ ಕಚೇರಿಯಲ್ಲಿ ಮಾರ್ಪಾಡಿಗೆ ಒಪ್ಪಿಗೆ ಪಡೆಯಿರಿ. ಕೂರುವವರ ಸೀಟು ನಕ್ಷೆಯಲ್ಲೇ ಇರಲಿ.

—ಸಂ.