ಸಂಪಾದಕರ ಉತ್ತರ: ನಾಣ್ಯ ಚಿಮ್ಮಿ ಚಿಕಿತ್ಸೆ ಕೊಡ್ತಾರಾ?

ಶಹಾಪುರ ತಾಲ್ಲೂಕಿನ ಶಾಲಾ ಮಾಸ್ತರರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ವಿಷಯ ಇಷ್ಟು. ಅವರ ಅಕ್ಕನ ಗಂಡನಿಗೆ ಮೈಲೋಮ, ಅಂದರೆ ಮೂಳೆಯ ಮಜ್ಜೆಯಲ್ಲಿ ಹುಟ್ಟುವ ರಕ್ತದ ಕ್ಯಾನ್ಸರ್. ಹೈದರಾಬಾದಿನಲ್ಲಿ ಕೀಮೋ ನಡೆದಿದೆ. ಮುಂದೆ ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್ ಇದೆ ಎಂದ ಡಾಕ್ಟರು, ಒಂದು ಟ್ರಯಲ್‌ಗೆ ಸೇರುತ್ತೀರಾ ಎಂದೂ ಕೇಳಿದ್ದಾರೆ. ಅದರಲ್ಲಿ ಕೆಲವರಿಗೆ ಈಗಲೇ ಟ್ರಾನ್ಸ್‌ಪ್ಲಾಂಟ್. ಉಳಿದವರಿಗೆ ಔಷಧ ಮುಂದುವರಿಸಿ, ಬೇಕಾದಾಗ ಟ್ರಾನ್ಸ್‌ಪ್ಲಾಂಟ್. ಯಾರಿಗೆ ಯಾವುದು ಅನ್ನೋದನ್ನು ಕಂಪ್ಯೂಟರ್ ಆರಿಸುತ್ತದೆ. ಮನೆಯಲ್ಲಿ ಗಲಾಟೆ ಎದ್ದಿದೆ. ಮಾಸ್ತರರ ಮಾತಲ್ಲೇ ಹೇಳುವುದಾದರೆ: "ನಮ್ಮ ಭಾವ ಏನು ಪ್ರಯೋಗದ ಇಲಿಯಾ? ಹೊಲ ಮಾರಿಯಾದರೂ ದುಡ್ಡು ಹೊಂದಿಸ್ತೀವಿ, ಎಲ್ಲಕ್ಕಿಂತ ಜೋರಾದ ಔಷಧ ಕೊಡಿ ಅಂದರೆ ನಾಣ್ಯ ಚಿಮ್ಮುತ್ತೀವಿ ಅಂತಾರೆ. ಇಂಥದ್ದನ್ನ ಹೊಗಳಿ ಹೋದ ತಿಂಗಳು ನೀವು ಲೇಖನ ಹಾಕಿದಿರಿ. ಬಡವರ ಜೀವದ ಮೇಲೆ ಯಾಕೆ ಈ ಆಟ?"

ಮಾಸ್ತರರೆ, ನಿಮ್ಮ ಅಕ್ಷರ ಚೆಂದ ಇದೆ, ಸಿಟ್ಟೂ ಚೆಂದ ಇದೆ. ಉತ್ತರ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನಿಮ್ಮ ಭಯ ಸುಮ್ನೆ ಬಂದದ್ದಲ್ಲ, ಒಪ್ಪುತ್ತೇನೆ. 2010ರಲ್ಲಿ ಖಮ್ಮಂ ಜಿಲ್ಲೆಯ ಆದಿವಾಸಿ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕುತ್ತಿದ್ದ ಅಧ್ಯಯನವನ್ನು ಸರ್ಕಾರ ನಿಲ್ಲಿಸಬೇಕಾಯಿತು. ತಂದೆತಾಯಿ ಸಹಿ ಮಾಡಬೇಕಿದ್ದ ಒಪ್ಪಿಗೆ ಪತ್ರಕ್ಕೆ ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. 2001ರಲ್ಲಿ ಕೇರಳದಲ್ಲಿ ಬಾಯಿ ಕ್ಯಾನ್ಸರ್ ಇದ್ದವರ ಮೇಲೆ ಸರಿಯಾದ ಅನುಮತಿ ಇಲ್ಲದೆ ಔಷಧ ಪರೀಕ್ಷೆ ಮಾಡಿದ್ದು ಬಯಲಾಯಿತು. ಇಂಥವೆಲ್ಲ ಸುಪ್ರೀಂ ಕೋರ್ಟ್ ಮುಟ್ಟಿದ ಮೇಲೆ ಕಾನೂನು ಬಿಗಿಯಾಯಿತು, 2019ರಲ್ಲಿ ಹೊಸ ನಿಯಮ ಬಂತು. ಇಷ್ಟು ನಿಮ್ಮ ಪಾಲು.

ಆದರೆ 'ಎಲ್ಲಕ್ಕಿಂತ ಜೋರಾದ ಔಷಧ ಕೊಡಿ' ಅಂದಿರಲ್ಲ, ಅದಕ್ಕೆ ನನ್ನ ತಕರಾರಿದೆ. ಇದೇ ಮಾತು ನಂಬಿ ಅಮೆರಿಕದಲ್ಲಿ ಸಾವಿರಾರು ಹೆಣ್ಣುಮಕ್ಕಳು ಸುಮ್ಮನೆ ನರಳಿದರು. ಆ ಕಥೆ ನಿಮ್ಮ ಭಾವನ ಚಿಕಿತ್ಸೆಗೆ ಎಷ್ಟು ಹತ್ತಿರದ್ದು ಅಂದರೆ, ಅದನ್ನು ಹೇಳದೆ ಮುಂದೆ ಹೋಗಲು ಆಗುವುದಿಲ್ಲ.

ಕೀಮೋ ಔಷಧ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಕೊಲ್ಲುತ್ತದೆ. ಕ್ಯಾನ್ಸರ್ ಅಂಥದ್ದು. ನಮ್ಮ ಮಜ್ಜೆಯಲ್ಲಿ ರಕ್ತ ಮಾಡುವ ಕೋಶಗಳೂ ಅಂಥವೇ. ಡೋಸ್ ಏರಿಸುತ್ತ ಹೋದರೆ ಒಂದು ಹಂತದಲ್ಲಿ ಮಜ್ಜೆ ಸತ್ತು ಹೋಗುತ್ತದೆ, ಹಿಂದೆಯೇ ರೋಗಿಯೂ. 1970, 80ರ ದಶಕಗಳಲ್ಲಿ ಡಾಕ್ಟರುಗಳು ಇದಕ್ಕೊಂದು ದಾರಿ ಹುಡುಕಿದರು. ರೋಗಿಯದೇ ಸ್ಟೆಮ್ ಸೆಲ್, ಅಂದರೆ ರಕ್ತ ಮಾಡುವ ಮೂಲ ಕೋಶ, ಮೊದಲೇ ತೆಗೆದು ಫ್ರೀಜರಿನಲ್ಲಿ ಇಡೋದು. ಮಜ್ಜೆ ಸಾಯುವಷ್ಟು ಕೀಮೋ ಕೊಡೋದು. ಆಮೇಲೆ ಇಟ್ಟದ್ದನ್ನು ವಾಪಸ್ ಹಾಕೋದು.

ನನ್ನ ಗೆಳೆಯನೊಬ್ಬನಿಗೆ ಮೈಲೋಮಕ್ಕೆ ಇದನ್ನೇ ಮಾಡಿದರು. ಮೊದಲು ಕೆಲವು ದಿನ ಹೊಟ್ಟೆಗೆ ಇಂಜೆಕ್ಷನ್, ಮಜ್ಜೆಯ ಕೋಶ ರಕ್ತಕ್ಕೆ ಇಳಿದು ಬರಲಿ ಅಂತ. ಆಮೇಲೆ ಮಷಿನ್. ರಕ್ತ ಒಂದು ಪೈಪಿನಲ್ಲಿ ಹೋಗಿ, ಬೇಕಾದ ಕೋಶ ಮಾತ್ರ ಚೀಲಕ್ಕೆ ಬಿದ್ದು, ಉಳಿದದ್ದು ಇನ್ನೊಂದು ಪೈಪಿನಲ್ಲಿ ಮೈಗೆ ವಾಪಸ್. ಗಂಟೆಗಟ್ಟಲೆ ಅಲುಗಾಡದೆ ಮಲಗಬೇಕು. ಮೆಲ್ಫಲಾನ್ ಎಂಬ ಕೀಮೋ ಔಷಧ ಹನಿಯುವಾಗ ಸಿಸ್ಟರ್ ಐಸ್ ತುಂಡು ಕೊಟ್ಟು ಚೀಪುತ್ತಾ ಇರಿ ಅಂದರಂತೆ. ಬಾಯಿ ತಣ್ಣಗಿದ್ದರೆ ಅಲ್ಲಿಗೆ ರಕ್ತ ಕಡಿಮೆ ಹೋಗುತ್ತದೆ, ಔಷಧವೂ ಕಡಿಮೆ ಹೋಗುತ್ತದೆ, ಹುಣ್ಣು ತಗ್ಗುತ್ತದೆ. ಕೋಶ ವಾಪಸ್ ಹಾಕಿದ ದಿನ ಕೋಣೆ ತುಂಬ ಬೆಳ್ಳುಳ್ಳಿ ವಾಸನೆ. ಫ್ರೀಜ್ ಮಾಡುವಾಗ ಸೇರಿಸುವ ರಾಸಾಯನಿಕ ಉಸಿರಿನಲ್ಲಿ ಹೊರಗೆ ಬರುತ್ತದೆ. "ಯಾರೋ ಒಗ್ಗರಣೆ ಹಾಕ್ಯಾರೇನು ಅಂತ ಅನಿಸ್ತು" ಅಂತ ಅವನ ಹೆಂಡತಿ ಇವತ್ತಿಗೂ ನಗುತ್ತಾರೆ. ರಕ್ತದ ಕೌಂಟ್ ಬಿದ್ದ ಆ ಎರಡು ವಾರ ಮಾತ್ರ ಯಾರೂ ನಗಲಿಲ್ಲ.

ಕಥೆಗೆ ಬರೋಣ. ಈ ಉಪಾಯವನ್ನು ಅಮೆರಿಕದಲ್ಲಿ ಸ್ತನ ಕ್ಯಾನ್ಸರ್‌ಗೆ ಹಚ್ಚಿದರು. ಮೊದಲ ಅಧ್ಯಯನಗಳಲ್ಲಿ ಹೋಲಿಸಿ ನೋಡೋಕೆ ಎರಡನೇ ಗುಂಪೇ ಇರಲಿಲ್ಲ. ಎಲ್ಲರಿಗೂ ಟ್ರಾನ್ಸ್‌ಪ್ಲಾಂಟ್ ಮಾಡಿ, ಹಳೆಯ ರೋಗಿಗಳ ದಾಖಲೆ ಪಕ್ಕಕ್ಕಿಟ್ಟು 'ನೋಡಿ, ಜಾಸ್ತಿ ದಿನ ಬದುಕಿದರು' ಅಂದರು. ಬದುಕದೆ ಏನು? ಇಷ್ಟು ಕಠಿಣ ಚಿಕಿತ್ಸೆಗೆ ವಯಸ್ಸು ಚಿಕ್ಕದಿದ್ದವರನ್ನ, ಹಾರ್ಟು ಕಿಡ್ನಿ ಗಟ್ಟಿ ಇದ್ದವರನ್ನ ಆರಿಸಿಯೇ ತೆಗೆದುಕೊಂಡಿದ್ದರು. ಪತ್ರಿಕೆಗಳು (ನಮ್ಮ ಕುಲದವರೇ) ಪವಾಡ ಅಂತ ಬರೆದವು. ಇನ್ಶೂರೆನ್ಸ್ ಕಂಪನಿಗಳು ಇದಿನ್ನೂ ಸಾಬೀತಾಗಿಲ್ಲ, ದುಡ್ಡು ಕೊಡಲ್ಲ ಅಂದಾಗ ಜನ ಕೋರ್ಟಿಗೆ ಹೋದರು. 1993ರಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿಯೊಂದು ತೀರಿಹೋದ ಮಹಿಳೆಯ ಕುಟುಂಬಕ್ಕೆ 8.9 ಕೋಟಿ ಡಾಲರ್ ಕೊಡಿ ಅಂದಿತು. ಆಮೇಲೆ ಕಂಪನಿಗಳು ಬಾಯಿ ಮುಚ್ಚಿಕೊಂಡು ಹಣ ಕಟ್ಟಿದವು, ಆಸ್ಪತ್ರೆಗಳು ಸಾಲುಸಾಲಾಗಿ ಟ್ರಾನ್ಸ್‌ಪ್ಲಾಂಟ್ ವಾರ್ಡ್ ತೆರೆದವು. ಒಟ್ಟು 30 ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ಇದಕ್ಕೆ ಒಳಗಾದರು ಎಂಬ ಅಂದಾಜಿದೆ.

ನಿಜವಾದ ಟ್ರಯಲ್‌ಗಳೂ ಶುರುವಾಗಿದ್ದವು. ಅರ್ಧ ಜನಕ್ಕೆ ಟ್ರಾನ್ಸ್‌ಪ್ಲಾಂಟ್, ಅರ್ಧ ಜನಕ್ಕೆ ಮಾಮೂಲಿ ಕೀಮೋ. ಆದರೆ ಸೇರೋಕೆ ಜನವೇ ಇಲ್ಲ. ಹೊರಗೆ ಕೇಳಿದ ತಕ್ಷಣ ಜೋರಾದದ್ದು ಸಿಗುವಾಗ ನಾಣ್ಯ ಚಿಮ್ಮಿಸಿಕೊಳ್ಳೋರು ಯಾರು? ನಿಮ್ಮ ಪತ್ರದ ಮಾತೇ ಅಲ್ವಾ ಇದು? ಹೀಗಾಗಿ ಕೆಲವೇ ವರ್ಷಗಳಲ್ಲಿ ಸಿಗಬೇಕಿದ್ದ ಉತ್ತರಕ್ಕೆ 1999ರವರೆಗೆ ಕಾಯಬೇಕಾಯಿತು. ಆ ವರ್ಷ ಅಟ್ಲಾಂಟಾದ ಸಮ್ಮೇಳನದಲ್ಲಿ ಫಲಿತಾಂಶಗಳು ಒಟ್ಟಿಗೆ ಬಂದಾಗ ಟ್ರಾನ್ಸ್‌ಪ್ಲಾಂಟ್ ಪರವಾಗಿ ಗಟ್ಟಿಯಾಗಿ ನಿಂತದ್ದು ದಕ್ಷಿಣ ಆಫ್ರಿಕಾದ ವರ್ನರ್ ಬೆಜ್‌ವೋಡಾ ಎಂಬ ಡಾಕ್ಟರದ್ದು ಮಾತ್ರ. 2000ದಲ್ಲಿ ಅಮೆರಿಕದ ತಂಡ ಅಲ್ಲಿಗೇ ಹೋಗಿ ಕಡತ ತೆರೆದು ನೋಡಿದರೆ, ಎಲ್ಲ ಮೋಸ. ಅದೇ ವರ್ಷ ಫಿಲಡೆಲ್ಫಿಯಾ ತಂಡದ ಅಂಕಿ ಪ್ರಕಟವಾಯಿತು. ದೇಹದ ಬೇರೆ ಕಡೆ ಹರಡಿದ ಸ್ತನ ಕ್ಯಾನ್ಸರ್‌ನಲ್ಲಿ ಮೂರು ವರ್ಷಕ್ಕೆ ಬದುಕಿದ್ದವರು ಟ್ರಾನ್ಸ್‌ಪ್ಲಾಂಟ್ ಗುಂಪಿನಲ್ಲಿ ನೂರಕ್ಕೆ 32, ಮಾಮೂಲಿ ಕೀಮೋ ಗುಂಪಿನಲ್ಲಿ 38. ಲಾಭವೇ ಇಲ್ಲ. ವಾರ್ಡ್‌ಗಳು ಒಂದೊಂದಾಗಿ ಆ ಕೆಲಸ ಬಿಟ್ಟವು. ಕಾಯಿಲೆಯಿಂದಲ್ಲದೆ ಚಿಕಿತ್ಸೆಯಿಂದಲೇ ಸತ್ತವರ ಲೆಕ್ಕವನ್ನು ಯಾವ ಜ್ಯೂರಿಯೂ ಕೇಳಲಿಲ್ಲ.

ಈಗ ನಿಮ್ಮ ಭಾವನವರ ಮಾತು. ಅದೇ ಫ್ರೀಜರ್, ಅದೇ ಮಷಿನ್, ಅದೇ ಉಪಾಯವನ್ನು ಫ್ರಾನ್ಸಿನವರು ಮೈಲೋಮಕ್ಕೆ ಹಚ್ಚಿ, ಮೊದಲಿನಿಂದಲೇ ಚೀಟಿ ಎತ್ತಿ ಹಂಚಿ ಪರೀಕ್ಷೆ ಮಾಡಿದರು. 200 ರೋಗಿಗಳು. 1996ರಲ್ಲಿ ಉತ್ತರ ಬಂತು. ಐದು ವರ್ಷ ಬದುಕುವವರ ಅಂದಾಜು ಟ್ರಾನ್ಸ್‌ಪ್ಲಾಂಟ್ ಆದವರಲ್ಲಿ ನೂರಕ್ಕೆ 52, ಹಳೆಯ ಕೀಮೋ ಪಡೆದವರಲ್ಲಿ 12. ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಇಷ್ಟು ಲಾಭ. ಎಷ್ಟು ದೊಡ್ಡ ಡಾಕ್ಟರಾದರೂ ಕೂತಲ್ಲೇ ಯೋಚಿಸಿ ಇದನ್ನು ಹೇಳೋಕೆ ಆಗುತ್ತಿರಲಿಲ್ಲ. ಇವತ್ತು ಹೈದರಾಬಾದಿನ ಡಾಕ್ಟರು ನಿಮ್ಮ ಭಾವನಿಗೆ ಟ್ರಾನ್ಸ್‌ಪ್ಲಾಂಟ್ ಹೇಳುತ್ತಿರುವುದೇ ಆ 200 ಜನ ಚೀಟಿಗೆ ಒಪ್ಪಿದ್ದರಿಂದ. ಅವರೂ ಯಾರದೋ ಭಾವಂದಿರು, ಮಾವಂದಿರೇ.

ಹಾಗಿದ್ದ ಮೇಲೆ ಮತ್ತೆ ಯಾಕೆ ಟ್ರಯಲ್ ಅಂತೀರಿ. ಯಾಕೆಂದರೆ ಔಷಧಗಳು ಸುಧಾರಿಸಿವೆ. 2022ರಲ್ಲಿ ಅಮೆರಿಕದಲ್ಲಿ 722 ಜನರ ಟ್ರಯಲ್ ಪ್ರಕಟವಾಯಿತು. ಹೊಸ ಔಷಧದ ಜೊತೆ ಮೊದಲೇ ಟ್ರಾನ್ಸ್‌ಪ್ಲಾಂಟ್ ಆದವರಲ್ಲಿ ರೋಗ ಸರಾಸರಿ 67 ತಿಂಗಳು ತಲೆ ಎತ್ತಲಿಲ್ಲ, ಔಷಧ ಮಾತ್ರ ಪಡೆದವರಲ್ಲಿ 46 ತಿಂಗಳು. ಆದರೆ ಐದು ವರ್ಷಕ್ಕೆ ಬದುಕಿದ್ದವರು ಎರಡೂ ಕಡೆ ಹೆಚ್ಚುಕಡಿಮೆ ಸಮ, ನೂರಕ್ಕೆ 80. ಈಗಲೇ ಮಾಡಬೇಕಾ, ಕೋಶ ಫ್ರೀಜರಿನಲ್ಲಿಟ್ಟು ಆಮೇಲೆ ಮಾಡಿದರೂ ನಡೆಯುತ್ತಾ? ನಿಜವಾಗಿಯೂ ಉತ್ತರ ಗಟ್ಟಿಯಾಗಿಲ್ಲದ ಪ್ರಶ್ನೆ ಅದು. ನಾಣ್ಯ ಚಿಮ್ಮೋದು ಅಂಥ ಕಡೆ ಮಾತ್ರ. ಒಬ್ಬರಿಗೆ ಔಷಧ, ಇನ್ನೊಬ್ಬರಿಗೆ ಸಕ್ಕರೆ ನೀರು ಅಂತ ನೀವು ಬರೆದಿದ್ದೀರಿ. ಅದು ಹಾಗಲ್ಲ. ಭಾವನ ಪಾಲಿಗೆ ಯಾವ ಗುಂಪು ಬಂದರೂ ಇವತ್ತು ನಡೆಯುತ್ತಿರುವ ಒಳ್ಳೆಯ ಚಿಕಿತ್ಸೆಯೇ ಸಿಗುತ್ತದೆ.

ನೀವು ತೊಗರಿ ನಾಡಿನವರು, ನಿಮಗೆ ಇದನ್ನು ಹೇಳಿಕೊಡಬೇಕಾ? ನೆಟೆ ರೋಗಕ್ಕೆ ಬಗ್ಗದ ಟಿಎಸ್-3ಆರ್ ತಳಿಯನ್ನು ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದವರು ಒಂದೇ ಹೊಲಕ್ಕೆ ಹಾಕಿ 'ಭಾರಿ ಬೆಳೆ' ಅಂತ ರೈತರ ಕೈಗೆ ಕೊಟ್ಟಿದ್ದರೆ ನಂಬುತ್ತಿದ್ದಿರಾ? ಒಂದೇ ಮಣ್ಣು, ಒಂದೇ ಮಳೆ, ಪಕ್ಕದ ಪಟ್ಟಿಯಲ್ಲಿ ಹಳೆ ತಳಿ ಇರಬೇಕು ಅಂತೀರಿ. ಯಾವ ಪಟ್ಟಿಗೆ ಯಾವ ಬೀಜ ಅನ್ನೋದನ್ನು ಚೀಟಿ ಎತ್ತಿ ನಿರ್ಧರಿಸುವ ಪದ್ಧತಿ ಬೆಳೆದದ್ದೇ ಹೊಲದಲ್ಲಿ. 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ ಅದನ್ನು ರೂಢಿಸಿದರು. 1948ರಲ್ಲಿ ಬಂದ ಕ್ಷಯದ ಸ್ಟ್ರೆಪ್ಟೊಮೈಸಿನ್ ಟ್ರಯಲ್‌ನಲ್ಲಿ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅದನ್ನೇ ಮುಚ್ಚಿದ ಲಕೋಟೆಗಳಲ್ಲಿ ಆಸ್ಪತ್ರೆಗೆ ತಂದರು. ಬೀಜಕ್ಕೆ ಇಷ್ಟು ಪರೀಕ್ಷೆ ಕೇಳುವ ನಾವು ಔಷಧಕ್ಕೆ ಬೇಡ ಅನ್ನೋದು ನನಗೆ ಅರ್ಥ ಆಗಲ್ಲ.

ಹೊಲ ಮಾರುವ ಮಾತು ಬರೆದಿರಿ. ಚಿಂಚೋಳಿ ಕಡೆಯ ನಮ್ಮ ದೂರದ ಕಾಕಾ ಒಬ್ಬರು ಮಾರಿದರು. ಜಠರದ ಕ್ಯಾನ್ಸರ್, ಹರಡಿತ್ತು. ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ 'ಸೆಲ್ ಥೆರಪಿ' ಪ್ಯಾಕೇಜ್ ಅಂದರು. ಟ್ರಯಲ್ ಅಲ್ಲ, ನೋಂದಣಿ ಇಲ್ಲ, ಹೋಲಿಕೆ ಇಲ್ಲ, ಕೈಯಲ್ಲಿ ರಸೀದಿ ಮಾತ್ರ. ಆರು ತಿಂಗಳೊಳಗೆ ಕಾಕಾನೂ ಇಲ್ಲ, ಹೊಲವೂ ಇಲ್ಲ. ಯಾವುದನ್ನು ಪ್ರಯೋಗ ಅನ್ನಬೇಕು ಹೇಳಿ. ಲೆಕ್ಕ ಇಟ್ಟು, ಒಪ್ಪಿಗೆ ಪಡೆದು, ಹಾನಿಯಾದರೆ ಪರಿಹಾರ ಕೊಡಬೇಕು ಅನ್ನೋ ಕಾನೂನಿನ ಕೆಳಗೆ ನಡೆಯೋದನ್ನೋ, ಲೆಕ್ಕವೇ ಇಡದೆ ನಡೆಸೋದನ್ನೋ? ಇಂಥ ಪ್ಯಾಕೇಜ್‌ನವರ ಬಣ್ಣದ ಜಾಹೀರಾತು ನಮ್ಮ ಪತ್ರಿಕೆಗೂ ಬರುತ್ತದೆ, ಪೂರಾ ಪುಟಕ್ಕೆ, ಮುಂಗಡ ಹಣದ ಸಮೇತ. ಹಾಕುವುದಿಲ್ಲ. ನಮ್ಮ ಮ್ಯಾನೇಜರ್‌ಗೆ ಪ್ರತಿ ಸಲ ಹೊಟ್ಟೆ ಉರಿಯುತ್ತದೆ.

ನನ್ನ ಸಿಟ್ಟು ಬೇರೆ ಕಡೆ ಇದೆ. ನಮ್ಮ ಭಾಗದಲ್ಲಿ ಗುಟ್ಕಾ, ಸುಣ್ಣ-ತಂಬಾಕು ತಿಂದು ಬಾಯಿ ಕೆಡಿಸಿಕೊಂಡವರು ಎಷ್ಟು ಮಂದಿ! ಬಾಯಿ ಕ್ಯಾನ್ಸರ್ ಚಿಕ್ಕದಿದ್ದಾಗ ಗಡ್ಡೆಯ ಜೊತೆ ಕುತ್ತಿಗೆಯ ಗಂಟುಗಳನ್ನೂ ಆಗಲೇ ತೆಗೆಯಬೇಕಾ, ಕಾದು ನೋಡಬೇಕಾ ಅನ್ನೋದು ಜಗತ್ತಿನಲ್ಲೇ ಇತ್ಯರ್ಥ ಆಗದ ಪ್ರಶ್ನೆಯಾಗಿತ್ತು. ಇತ್ಯರ್ಥ ಮಾಡಿದ್ದು ಮುಂಬೈನ ಟಾಟಾ ಮೆಮೋರಿಯಲ್. 2015ರಲ್ಲಿ ಉತ್ತರ ಬಂತು. ಆಗಲೇ ತೆಗೆದರೆ ಮೂರು ವರ್ಷಕ್ಕೆ ನೂರರಲ್ಲಿ 80 ಜನ ಬದುಕಿರುತ್ತಾರೆ, ಕಾದರೆ 67. ಅದೇ ಆಸ್ಪತ್ರೆಯವರು ನಿವೋಲುಮಾಬ್ ಎಂಬ ದುಬಾರಿ ಔಷಧವನ್ನು ಮಾಮೂಲಿ ಡೋಸಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ, ಬರೀ 20 ಮಿಲಿಗ್ರಾಂ, ಅಗ್ಗದ ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ಕೈಮೀರಿದ ಬಾಯಿ, ಗಂಟಲಿನ ಕ್ಯಾನ್ಸರ್‌ನಲ್ಲಿ ವರ್ಷ ದಾಟುವವರು ನೂರಕ್ಕೆ 16ರಿಂದ 43ಕ್ಕೆ ಏರಿದರು. ಜೋರಾದ ಔಷಧ ಅಲ್ಲ, ಮಾಸ್ತರರೆ. ಕಡಿಮೆ ಔಷಧ. ಕಂಪನಿಗಳು ಇಂಥ ಟ್ರಯಲ್ ಮಾಡುವುದಿಲ್ಲ, ಅವರಿಗೆ ಇದರಿಂದ ನಷ್ಟ.

ನಮ್ಮವರು ಇಂಥ ಟ್ರಯಲ್ ಒಳಗೆ ಬರೋದು ಹೇಗೆ? ಬೀದರಿನವರು ಹೈದರಾಬಾದಿಗೆ, ಆಳಂದದವರು ಸೊಲ್ಲಾಪುರ ದಾಟಿ ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆಗೆ, ಯಾದಗಿರಿಯವರು ರಾತ್ರಿ ರೈಲಿಗೆ ಬೆಂಗಳೂರಿಗೆ ಹೋಗಬೇಕು. ಮೂರು ವಾರಕ್ಕೊಮ್ಮೆ ತಪ್ಪದೆ ಬರಬೇಕು ಅಂದಾಗಲೇ ಕೂಲಿ ಮಾಡುವವ ಹೊರಗೆ ಉಳಿಯುತ್ತಾನೆ. ಬಾರ್ಶಿ ಏನು ಮಹಾನಗರವಾ? ತಾಲ್ಲೂಕು ಊರು. ಕ್ಯಾನ್ಸರ್ ಬಂದವರ ಲೆಕ್ಕ ಬರೆದಿಡುವ ದೇಶದ ಮೊದಲ ಗ್ರಾಮೀಣ ರಿಜಿಸ್ಟ್ರಿ 1987ರಲ್ಲಿ ಶುರುವಾದದ್ದು ಅಲ್ಲಿ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರ ಇದೆ, ಮೆಡಿಕಲ್ ಕಾಲೇಜುಗಳಿವೆ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ಬಂದಿದೆ. ಪ್ರತಿ ಚುನಾವಣೆಗೂ ಒಂದು ಸೂಪರ್ ಸ್ಪೆಷಾಲಿಟಿ ಕಟ್ಟಡದ ಮಾತು ಬರುತ್ತದೆ. ರೋಗಿಯ ಹಿಂದೆ ಬಿದ್ದು ಫೋನ್ ಮಾಡಿ, ಬಸ್ ಚಾರ್ಜ್ ಕೊಟ್ಟು, ಕಡತ ಬರೆದಿಡುವ ಒಬ್ಬ ಟ್ರಯಲ್ ನರ್ಸ್ ಬೇಕು ಅಂತ ಯಾವ ಶಾಸಕರೂ ಕೇಳಿದ್ದು ನಾನು ಕೇಳಿಲ್ಲ. ಕಟ್ಟಡಕ್ಕೆ ಕಲ್ಲು ಇಡಬಹುದು, ಫೋಟೊ ತೆಗೆಸಬಹುದು. ಕಡತಕ್ಕೆ ಏನು ಇಡೋದು?

ಇರಲಿ. ಮುಂದಿನ ಸಲ ಹೈದರಾಬಾದಿಗೆ ಹೋದಾಗ ಸಿಟಿಆರ್‌ಐ ನಂಬರ್ ಕೇಳಿ. ದೇಶದ ಟ್ರಯಲ್‌ಗಳೆಲ್ಲ ಆ ರಿಜಿಸ್ಟ್ರಿಯಲ್ಲಿ ನೋಂದಣಿ ಆಗಿರಬೇಕು, ನೆಟ್ಟಿನಲ್ಲಿ ನೀವೇ ನೋಡಬಹುದು. ನಂಬರ್ ಕೊಡೋಕೆ ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ. ಒಪ್ಪಿಗೆ ಪತ್ರ ಭಾವನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಅಲ್ಲೇ ಸಹಿ ಮಾಡಬೇಡಿ, ಮನೆಗೆ ತಂದು ಅಕ್ಕನಿಗೂ ಓದಿ ಹೇಳಿ. ಯಾವ ಖರ್ಚು ಟ್ರಯಲ್‌ನವರದು, ಯಾವುದು ನಿಮ್ಮದು ಅಂತ ಬರೆಸಿಕೊಳ್ಳಿ. ಮಧ್ಯದಲ್ಲಿ ಬಿಟ್ಟು ಬಂದರೂ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ, ಅದು ಭಾವನ ಹಕ್ಕು. ಬೇಡ ಅನಿಸಿದರೆ ಸೇರಬೇಡಿ, ಆದರೆ ಇಲಿ ಅನ್ನೋ ಕಾರಣಕ್ಕೆ ಬೇಡ.

ಟ್ರಾನ್ಸ್‌ಪ್ಲಾಂಟ್ ಈಗಲೋ ಆಮೇಲೋ ಆದಾಗ, ಡಿಸ್ಚಾರ್ಜ್ ಆದ ದಿನವೇ ಊರಿಗೆ ಕರೆತರಬೇಡಿ. ಆಸ್ಪತ್ರೆ ಹತ್ತಿರ ಕೆಲವು ವಾರ ರೂಮ್ ಮಾಡಿ. ಜ್ವರ ಬಂದರೆ ಮಧ್ಯರಾತ್ರಿಯಾದರೂ ಆಸ್ಪತ್ರೆ ಮುಟ್ಟಬೇಕು. ಊರಿಗೆ ಬಂದ ಮೇಲೂ ಮಾತಾಡಿಸೋಕೆ ಬರುವ ಬೀಗರನ್ನು ಅಂಗಳದಲ್ಲೇ ಕೂರಿಸಿ ಚಹಾ ಕೊಟ್ಟು ಕಳಿಸಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

– ಸಂಪಾದಕ